ಸಾಹುಕಾರರ ಏಡಿ, ದೊಡ್ಡ ದೇಶದ ಕಾವಲು

ಹೇಳದೇ ಇದ್ದರೆ ನನ್ನ ಹೊಟ್ಟೆ ಒಡೆದೀತು, ಅದಕ್ಕೇ ಬರೆಯಲು ಕುಂತೆ. ಓದಿದ್ದು ನಾಲ್ಕನೇ ತರಗತಿ, ಅಕ್ಷರ ಡೊಂಕಾದರೆ ಆಗಲಿ. ನನ್ನ ಮೊಮ್ಮಗಳು ಗಂಗಾವತಿ ಕಾಲೇಜಿನಲ್ಲಿ ಸ್ಟೇಜ್ ಹತ್ತಿ ಮಾತಾಡಿದಳು ನೋಡ್ರಿ!

ಇದೇನು ದೊಡ್ಡದು ಅಂತೀರಿ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಮೈಕಿನ ಮುಂದೆ ನಿಂತು, ಬಾಯಿ ಒಣಗಿ, ಒಂದಕ್ಷರ ಆಡದೆ ಇಳಿದು ಬಂದಿತ್ತು ಕೂಸು. ಆಮೇಲೆ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಈಗ ಬಿ.ಎ. ಸೆಮಿನಾರಿಗೆ ಚೀಟಿ ಎತ್ತಿದರೆ ಇವಳಿಗೆ ಬಂದ ವಿಷಯ, ಅಮೆರಿಕದ ವಿದೇಶಾಂಗ ನೀತಿಯಲ್ಲಿ ಸಿದ್ಧಾಂತದ ಪಾತ್ರ.

"ನಾ ಒಲ್ಲೆ ಆಯಿ. ಮತ್ತ ಹಂಗ ಇಳದು ಬಂದರ ಕಾಲೇಜ ಬಿಡತೀನಿ."

"ಅದರಾಗ ಏನೈತಿ, ಓದರ ಓದು" ಅಂದು ಅಕ್ಕಿ ಆರಿಸುತ್ತಾ ಕೇಳಿದೆ. ಆ ದೇಶದವರು ಜಗತ್ತನ್ನೆಲ್ಲ ಒಳ್ಳೆಯವರು, ಕೆಟ್ಟವರು ಅಂತ ಎರಡು ಪಾಲು ಮಾಡಿ, ಒಳ್ಳೆಯವರಿಗೆ ತಾವೇ ಯಜಮಾನರಾದರಂತೆ. ಇರಾಕಿನಲ್ಲಿ ಭಯಂಕರ ಅಸ್ತ್ರ ಅಡಗಿಸಿದ್ದಾರೆ ಅಂತ ದಂಡು ಕಟ್ಟಿಕೊಂಡು ನುಗ್ಗಿದರಂತೆ. ಹುಡುಕಿದರೆ ಅಂಥಾದ್ದು ಸಿಗಲೇ ಇಲ್ಲವಂತೆ.

"ಆಮ್ಯಾಲರ ತಪ್ಪಾತು ಅಂತ ಒಪ್ಪಿಕೊಂಡ್ರೇನು?"

"ಎಲ್ಲಿದು! ಪ್ರಜಾಪ್ರಭುತ್ವ ತರಾಕ ಹೋಗಿದ್ವಿ ಅಂದ್ರು."

ನಗು ತಡೆಯಲಿಲ್ಲ ನನಗೆ. "ಹುಚ್ಚಿ, ಇಂಥವರ ಗದ್ದ್ಯಾಗ ನಾ ಹತ್ತು ವರ್ಷ ನಾಟಿ ಹಚ್ಚೀನಿ!"

ಸಿದ್ದಾಪುರದ ಹತ್ತಿರ, ಕಾಲುವೆ ತೂಬಿನ ಬಾಯಿಗೇ ಒಬ್ಬ ಸಾಹುಕಾರರ ಗದ್ದೆ. ಕೆಳಗೆ ನಮ್ಮಂಥವರ ತುಂಡು ಗದ್ದೆ. ಸಂಜೆ ನಿಲ್ಲಿಸಿದ ನೀರು ಬೆಳಗಾದರೆ ಅವರ ಗದ್ದೆಯಲ್ಲಿ ಇರುತ್ತಿರಲಿಲ್ಲ. ಕೆಳಗಿನವರು ಕಳ್ಳರು ಅನ್ನುವುದು ಅವರಪ್ಪ ಕಲಿಸಿಕೊಟ್ಟ ಮಂತ್ರ. ಬದುವಿನ ಮೇಲೆ ಬಡಿಗೆ ಕೊಟ್ಟು ಇಬ್ಬರನ್ನು ನಿಲ್ಲಿಸಿದರು, ತೂಬಿಗೆ ಬೀಗ ಜಡಿದು ಕೀಲಿ ತಾವೇ ಇಟ್ಟುಕೊಂಡರು. ನೀರಿಲ್ಲದೆ ನಮ್ಮ ಗದ್ದೆ ಬಿರಿದವು. ಅವರಲ್ಲೇ ನಾಟಿ ಹಚ್ಚುವಾಗ ಒಂದು ದಿನ ನನ್ನ ಬೆರಳಿಗೆ ಏಡಿ ಕಚ್ಚಿತು. ಬಗ್ಗಿ ನೋಡಿದರೆ ಬದುವಿನ ಬುಡಕ್ಕೆ ಸಾಲುಸಾಲು ಏಡಿ ತೂತು, ನೀರೆಲ್ಲ ಆಚೆ ಹಳ್ಳಕ್ಕೆ! ಏಡಿ ಹಿಡಿದುಕೊಂಡೇ ಹೋದೆ.

"ಸಾಹುಕಾರ್ರ, ಕಳ್ಳ ಸಿಕ್ಕಾನ ನೋಡ್ರಿ."

ಅವರು ಏಡಿಯನ್ನು ಮೇಲೆ ಕೆಳಗೆ ನೋಡಿ ಅಂದರು, "ಇದನ್ನ ತಂದು ಬಿಟ್ಟಾವ್ರು ಯಾರು? ಕೆಳಗಿನವ್ರ!"

ಅಂಥಾ ಶಾಣ್ಯಾರು. ಮತ್ತೆ ನಾಲ್ವರು ಕಾವಲಿಗೆ ಬಂದರು. ಅವರು ತುಳಿದೂ ತುಳಿದೂ ಆ ತೂತು ಬದು ಕುಸಿದೇ ಹೋಯಿತು, ಇದ್ದ ನೀರೂ ಹಳ್ಳದ ಪಾಲು. ಸಾಹುಕಾರರು ಕೆಸರಲ್ಲಿ ನಿಂತು ಬೈದದ್ದು ಮಾತ್ರ ನಮ್ಮನ್ನೇ.

ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕಳು. "ಇದನ್ನ ಹೇಳಿದರ ಸರ್ ನಗತಾರ ಆಯಿ."

"ನಗಲಿ ಬಿಡು. ಅಳೂದಕ್ಕಿಂತ ಛಲೋ."

ಸೆಮಿನಾರಿನ ದಿನ ನಾನೂ ಹೋಗಿ ಕಡೇ ಬೆಂಚಿನಲ್ಲಿ ಕೂತೆ. ಇವಳಿಗಿಂತ ಮೊದಲು ಇಬ್ಬರು ಮೊಬೈಲ್ ನೋಡಿಕೊಂಡು ರಾಷ್ಟ್ರೀಯ ಭದ್ರತೆ, ರಾಷ್ಟ್ರೀಯ ಭದ್ರತೆ ಅಂತ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿ ಇಳಿದರು. ಯಾರ ಭದ್ರತೆಯೋ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಆಮೇಲೆ ನನ್ನ ಕೂಸು. ಮೈಕಿನ ಮುಂದೆ ನಿಂತಳು. ಕಾಲು ಆಗಲೇ ಮೆಟ್ಟಿಲ ಕಡೆ ತಿರುಗಿತ್ತು. ನಾನು ಕೈ ಎತ್ತಿ ಎರಡು ಬೆರಳನ್ನು ಏಡಿಯಂತೆ ಕಚಕಚ ಆಡಿಸಿದೆ. ಪಕ್ಕದವರು ಈ ಮುದುಕಿಗೇನಾಯಿತು ಅಂತ ನೋಡಿದರು.

ಅವಳು ನೋಡಿದಳು. ನಕ್ಕಳು. "ನಮ್ಮ ಆಯಿ ಒಂದು ಏಡಿ ಹಿಡದಿದ್ಲು" ಅಂತ ಶುರು ಮಾಡಿದವಳು ಎಲ್ಲೂ ನಿಲ್ಲಲಿಲ್ಲ. "ವೈರಿ ಯಾರಂತ ಮೊದಲ ಬರದಿಟ್ಟು, ಆಮ್ಯಾಲೆ ಪುರಾವೆ ಹುಡುಕತಾರ್ರಿ. ಸಿಗದಿದ್ದರ ಏಡಿನೂ ವೈರಿ ಕಡೇದ" ಅಂದಳು.

ಮುಂದೆ ಕೂತ ಸರ್ ಒಬ್ಬರು ಮೂಗು ಮುರಿದರು. "ಏನಮ್ಮಾ, ಅಮೆರಿಕಾನ ನಿಮ್ಮೂರ ಸಾಹುಕಾರಗ ಹೋಲಸ್ತಿಯೇನು?"

"ಇಲ್ರಿ ಸರ್. ಪಾಪ, ನಮ್ಮ ಸಾಹುಕಾರ್ರ ಕಡೆ ಬರೇ ಬಡಿಗಿ ಇದ್ವು."

ಹಾಲ್‌ಗೆ ಹಾಲ್ ನಕ್ಕಿತು. ನಾನು ಕಣ್ಣೊರೆಸಿಕೊಂಡು ಮತ್ತೆ ನಕ್ಕೆ.

ವಾಪಸು ಬಸ್ಸಿನಲ್ಲಿ ಸಿದ್ದಾಪುರ ಬರುವತನಕ ಅವಳ ಬಾಯಿ ನಿಲ್ಲಲಿಲ್ಲ. ಸುಮ್ಮನಿರು ಅಂತ ನಾನೂ ಅನ್ನಲಿಲ್ಲ.