ಮನೆಯಲ್ಲಿ ಯಾರಿಗೂ ತಿಳಿಯದ ಹಾಡುಗಳು

೧೯೫೬, ಮಾಘ ಮಾಸದ ಒಂದು ಸೋಮವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸೋಲಾಪುರದ ನಮ್ಮ ಮನೆಯ ಒಳಕೋಣೆ. ಹಾಜರಿದ್ದವರು ಇಬ್ಬರು: ನಾನು, ನನ್ನ ಯಜಮಾನರು.

ಧೋತರದ ನಿರಿಗೆ ಹಿಡಿದಿದ್ದ ಅವರ ಬಲಗೈ ಕೆಳಗೆ ಬಿತ್ತು. ಅದನ್ನು ಎಡಗೈಯಿಂದ ಎತ್ತಿ ನೋಡಿದರು, ಬೇರೆಯವರ ಕೈ ನೋಡಿದಂತೆ. ನನ್ನ ಕಡೆ ತಿರುಗಿ ಏನೋ ಹೇಳಿದರು.

ಅದು ಮಾತಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಬ್ಲಡ್ ಪ್ರೆಶರ್ ನೋಡಿ, ಕಣ್ಣಿಗೆ ಬ್ಯಾಟರಿ ಬಿಟ್ಟು, ಸ್ಟ್ರೋಕ್ ಎಂದರು. ನಮ್ಮ ಮಂದಿ ಲಕ್ವಾ ಎನ್ನುತ್ತಾರೆ. ಬಲಗೈ, ಬಲಗಾಲು, ಮಾತು. ಮೂರೂ ಒಂದೇ ಬೆಳಿಗ್ಗೆ ಹೋದವು. ನಾವು ಆಡಿದ್ದೂ ಅವರಿಗೆ ಅರ್ಧಂಬರ್ಧ ಮಾತ್ರ ತಿಳಿಯುತ್ತದೆ ಎಂದರು.

ಅವರು ಮೂವತ್ತು ವರ್ಷ ನವಿ ಪೇಠದ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಮಾರಿದವರು. ಕನ್ನಡ, ಮರಾಠಿ, ತೆಲುಗು, ದಖನಿ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಯಾವ ಭಾಷೆಯಲ್ಲಿ ಬರಮಾಡಿಕೊಳ್ಳಬೇಕೆಂದು ಅವರಿಗೆ ಗೊತ್ತಾಗುತ್ತಿತ್ತು. ನಾಲ್ಕರಲ್ಲಿ ಒಂದೂ ಉಳಿಯಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಬದಿಗೆ ಕರೆದರು. "ಬಾಯಾರ, ಮಾತು ಬರತಾವೋ ಇಲ್ಲೋ ಹೇಳಾಕ ಆಗಂಗಿಲ್ಲ. ಆದ್ರ ಮಂದ್ಯಾಗ ಕೂಡಸ್ರಿ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರ ಕಾಲೂ ಹೋಗತೈತಿ, ಮನಶ್ಯಾನೂ ಹೋಗತಾನ."

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿ, ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದವಳು. ಮನೆಗೆ ಬಂದ ದಿನವೇ ವೇಳಾಪಟ್ಟಿ ಬರೆದು ಅಂಟಿಸಿದೆ. ಆರೂವರೆಗೆ ಎಣ್ಣೆ ತಿಕ್ಕುವುದು. ಏಳೂವರೆಗೆ ಗುಳಿಗೆ. ಒಂಬತ್ತರಿಂದ ಹತ್ತು, ಮಾತಿನ ಪಾಠ. ಶಾಲೆಯಿಂದ ಒಂದನೇ ತರಗತಿಯ ಚಿತ್ರಪಟ ತಂದು ಮಂಚದ ಎದುರು ತೂಗುಹಾಕಿದೆ. ಆಕಳಿನ ಮೇಲೆ ಕೋಲಿಟ್ಟು "ಇದೇನರಿ?" ಎನ್ನುತ್ತಿದ್ದೆ. ಅವರು ಏನೋ ಅನ್ನುತ್ತಿದ್ದರು. ನಾನು ತಪ್ಪು ಎನ್ನುತ್ತಿದ್ದೆ. ತಪ್ಪಿಗೆ ತಪ್ಪು ಎನ್ನದಿದ್ದರೆ ಮಕ್ಕಳು ಕಲಿಯುವುದಿಲ್ಲ ಎಂದು ನಂಬಿದವಳು ನಾನು.

ಹನ್ನೆರಡನೆಯ ದಿನ ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ನೋಡಲು ಬಂದವರೂ ನನಗಿಂತ ಮೇಲಲ್ಲ. ಕಿವುಡರೊಡನೆ ಆಡುವಂತೆ ಅವರ ಮುಂದೆ ಚೀರುವರು. ಇಲ್ಲವೇ ಅವರ ಎದುರಿಗೇ ಅವರ ಸುದ್ದಿಯನ್ನು ನನ್ನಲ್ಲಿ ಕೇಳುವರು. ಯಾರಾದರೂ ಬಂದ ಸದ್ದಾದರೆ ಇವರು ಕಣ್ಣು ಮುಚ್ಚುತ್ತಿದ್ದರು. ಊಟ ಎರಡು ತುತ್ತಿಗೆ ಇಳಿಯಿತು.

ಆ ವಾರವೇ ಅಂಗಡಿಯ ಗಿರಾಕಿಯಾದ ಒಬ್ಬ ಫ್ರೆಂಚ್ ಹೆಂಗಸು ಬಂದಳು. ಗಂಡ ಇಲ್ಲಿಯ ಒಂದು ಗಿರಣಿಯಲ್ಲಿ ಯಂತ್ರ ಕೂಡಿಸಲು ಬಂದ ಇಂಜಿನಿಯರ್. ಆಕೆಗೆ ನಮ್ಮ ಯಾವ ಭಾಷೆಯೂ ಬಾರದು, ಆದರೂ ಚಾದರು ಕೊಳ್ಳುವುದು ಇವರ ಹತ್ತಿರವೇ ಎಂದು ಹಟ ಹಿಡಿಯುತ್ತಿದ್ದಳಂತೆ. ದೇಶಕ್ಕೆ ಹೊರಟಿದ್ದಳು. ಹತ್ತು ನಿಮಿಷ ಮಂಚದ ಬಳಿ ಸುಮ್ಮನೆ ಕೂತಳು. ಆರು ರೆಕಾರ್ಡುಗಳ ಒಂದು ಆಲ್ಬಮನ್ನು ಹೊದಿಕೆಯ ಮೇಲಿಟ್ಟು, ಅವರ ಎಡಗೈ ಹಿಡಿದು, ಹೋದಳು.

ನಮ್ಮಲ್ಲಿ ಹಳೆಯ ಗ್ರಾಮೋಫೋನ್ ಇತ್ತು. ಮರಾಠಿ ನಾಟಕದ ಪದಗಳೆಂದರೆ ಇವರಿಗೆ ಪ್ರಾಣ. ಲಕ್ವಾ ಹೊಡೆದ ಮೇಲೆ ಒಮ್ಮೆ ಹಚ್ಚಿದಾಗ ಕೈ ಬೀಸಿ ನಿಲ್ಲಿಸಿದ್ದರು. ಬಾಯಿಪಾಠವಿದ್ದ ಪದ ಮುಂದೆ ಮುಂದೆ ಓಡುತ್ತದೆ, ಅವರಿಗೆ ಸಿಗುವುದಿಲ್ಲ. ಹೀಗಾಗಿ ಹೆಚ್ಚಿನ ಆಸೆ ಇಟ್ಟುಕೊಳ್ಳದೆ, ಕೊಟ್ಟವರ ಮರ್ಯಾದೆಗೆಂದು ಸಂಜೆ ನಾಲ್ಕಕ್ಕೆ ಮೊದಲ ರೆಕಾರ್ಡು ಹಚ್ಚಿದೆ.

ನನಗೆ ಸರಿಬರಲಿಲ್ಲ. ಬೆನ್ನು ನೆಟ್ಟಗಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಹೇಳಿಸಿದವಳು ನಾನು. ರೆಕಾರ್ಡಿನ ಈ ಫ್ರೆಂಚ್ ಹಾಡುಗಾರ್ತಿ ಜೋಳ ಹಸನು ಮಾಡುತ್ತ ಪಕ್ಕದವಳಿಗೆ ಏನೋ ಹೇಳಿದಂತೆ ಹಾಡುತ್ತಿದ್ದಳು. ತಬಲಾ ಇಲ್ಲ, ತಾನ್ ಇಲ್ಲ. ಒಂದು ಗಿಟಾರ್ ಅವಳ ಹಿಂದೆ ಸಾವಕಾಶ ನಡೆದು ಬರುತ್ತಿತ್ತು. ಒಂದೆರಡು ಹಾಡಿನಲ್ಲಿ ಅಕಾರ್ಡಿಯನ್, ನಮ್ಮ ಹಾರ್ಮೋನಿಯಂ ಪೇಟಿಯನ್ನೇ ಎದೆಗೆ ಕಟ್ಟಿಕೊಂಡು ಉಸಿರಾಡಿಸಿದಂತೆ. ಎರಡನೆಯ ಬದಿಯ ಹೊತ್ತಿಗೆ ನನಗೂ ಒಂದು ಸಂಗತಿ ಹೊಳೆಯಿತು: ಈ ದನಿ ಯಾರನ್ನೂ ಕರೆಯುವುದಿಲ್ಲ, ಯಾರಿಂದಲೂ ಉತ್ತರ ಬೇಡುವುದಿಲ್ಲ.

ಅವರು ಗೋಡೆ ಬಿಟ್ಟು ಇತ್ತ ತಿರುಗಿದ್ದರು.

ರೂಢಿ ಬಿಡುತ್ತದೆಯೇ. "ಎಷ್ಟು ಹಾಡು ಆದವು, ಹೇಳ್ರಿ?" ಎಂದೆ. ಅವರು ಎಡಗೈಯ ಬೆರಳೆತ್ತಿ ನನ್ನ ತುಟಿಯ ಮೇಲಿಟ್ಟರು.

ಇಪ್ಪತ್ತೆಂಟು ವರ್ಷದಲ್ಲಿ ನನ್ನನ್ನು ಯಾರೂ ಸುಮ್ಮನಿರಿಸಿರಲಿಲ್ಲ.

ಮರುದಿನ ಮಾತಿನ ಪಾಠ ಹೊಡೆದುಹಾಕಿ, ನಾಲ್ಕರಿಂದ ನಾಲ್ಕೂವರೆ ಆಲ್ಬಮ್ ಎಂದು ಬರೆದೆ. ಆ ಹೊತ್ತಿಗೆ ತಾವೇ ಎದ್ದು ದಿಂಬಿಗೆ ಒರಗತೊಡಗಿದರು. ಮೂರು ತುತ್ತು, ಆಮೇಲೆ ಅರ್ಧ ರೊಟ್ಟಿ. ಆದರೆ ಜನ ಬಂದರೆ ಮತ್ತೆ ಗೋಡೆ. ನಾನು ಗೆದ್ದಿರಲಿಲ್ಲ.

ಚೈತ್ರದ ಒಂದು ಗುರುವಾರ ಅಕ್ಕಲಕೋಟ ಕಡೆಯ ತಡವಳದಿಂದ ಅವರ ಅಕ್ಕ ಬಂದರು. ಅದೇ ಹೊತ್ತಿಗೆ ಅಂಗಡಿಯ ಮಾಲಕರಾದ ಸಾವಕಾರರೂ ಬಂದರು. ಇವರು ಗೋಡೆಗೆ ತಿರುಗಿದರು. ಚಿತ್ರಪಟ ನೋಡಿ ಅಕ್ಕ, "ಅಕ್ಕೋರ, ನನ್ನ ತಮ್ಮಗೂ ಸಾಲಿ ಹಚ್ಚೀರೇನ?" ಎಂದರು. ಶಾಲೆಯಲ್ಲಿ ಕಲಿಸಿದವಳೆಂದು ನನ್ನನ್ನು ಅವರು ಅಕ್ಕೋರು ಎಂದೇ ಕರೆಯುವುದು. ಗಡಿಯಾರ ನಾಲ್ಕು ಹೊಡೆಯಿತು. ಯಾರು ಬಂದರೂ ವೇಳಾಪಟ್ಟಿ ವೇಳಾಪಟ್ಟಿಯೇ. ಗ್ರಾಮೋಫೋನಿನ ಕೀಲಿ ತಿರುವಿ ಹಚ್ಚಿದೆ.

ಅಕ್ಕ ಅರ್ಧ ಹಾಡಿನ ತನಕ ತಡೆದುಕೊಂಡರು. "ಏನಂತಾಳರಿ ಈಕಿ?"

"ಗೊತ್ತಿಲ್ಲರಿ."

"ಅಕ್ಕೋರಾಗಿ ಗೊತ್ತಿಲ್ಲ ಅಂತೀರಿ? ಸಾವಕಾರ್ರ, ನಿಮಗರ?"

"ನನಗ ಅರಿವಿ ಗಜಾ ಬಿಟ್ಟ ಮತ್ತೇನ ತಿಳೀತೈತಿ ಅಕ್ಕಾ?"

"ಹಂಗಾರ ಎಲ್ಲಾರೂ ದಡ್ಡರ ಕುಂತೀವಿ ಅನ್ರಿ."

ಗೋಡೆಯ ಕಡೆಯಿಂದ ನಗೆ ಬಂತು.

ಸೊಟ್ಟ ಬಾಯಿಯ ನಗೆ. ಎರಡು ತಿಂಗಳಲ್ಲಿ ಮೊದಲನೆಯದು. ಆ ಕೋಣೆಯಲ್ಲಿ ತಿಳಿಯದವರು ಅವರೊಬ್ಬರೇ ಆಗಿರಲಿಲ್ಲ. ನಾಲ್ವರೂ ಒಂದೇ ಇಯತ್ತೆಯಲ್ಲಿ, ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಫೇಲು ಮಾಡುವವರು ಯಾರೂ ಇರಲಿಲ್ಲ.

ಅವರು ಎದ್ದು ಕೂತರು. ಆಲ್ಬಮ್ ತೊಡೆಯ ಮೇಲೆ ಎಳೆದುಕೊಂಡರು. ಎಡಗೈಯಿಂದ ಒಂದು ರೆಕಾರ್ಡು ತೆಗೆದು, ಚಾದರಿನ ನೇಯ್ಗೆ ತೋರಿಸುವಂತೆ ಕಿಟಕಿಯ ಬೆಳಕಿಗೆ ಓರೆ ಹಿಡಿದು, ನನ್ನ ಕೈಗಿಟ್ಟರು. ಹಚ್ಚಿದೆ. ಅವರು ಹಾಡು ಕೇಳಲಿಲ್ಲ, ಸಾವಕಾರರ ಮುಖ ನೋಡಿದರು. ತಲೆ ಅಲ್ಲಾಡಿಸಿದರು, ಇದಲ್ಲ. ಇನ್ನೊಂದು ತೆಗೆದರು. ಅಕಾರ್ಡಿಯನ್ನಿನದು. ಸಾವಕಾರರ ಪಾದ ತಾನಾಗಿ ತಾಳ ಹಾಕಿತು. ಇವರು ಮೆಲ್ಲಗೆ ತಲೆದೂಗಿದರು, ಮಾಲು ಒಪ್ಪಿಗೆಯಾದಾಗ ದೂಗುವಂತೆ.

"ಗಿರಾಕಿ ಮಾರಿ ಓದೂದು ಹೋಗಿಲ್ಲ ನೋಡ್ರಿ ನಿಮಗ," ಎಂದರು ಸಾವಕಾರರು. ಅವರಿಗೇ ಹೇಳಿದರು, ನನಗಲ್ಲ.

ನಾನು ಅಡುಗೆಕೋಣೆಗೆ ಹೋಗಿ ಚಹಕ್ಕೆ ನೀರಿಟ್ಟೆ. ನನ್ನ ಶಾಲೆಯ ಹುಡುಗಿಯರು ಜಿಲ್ಲೆಗೆ ಮೊದಲು ಬಂದಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಸಾವಕಾರರು ಹೊರಟಾಗ ಇವರು ಎಡಗೈ ಚಾಚಿ ಊರುಗೋಲು ಕೇಳಿದರು. ನಾನು ಒಂದು ಕಡೆ, ಅಕ್ಕ ಒಂದು ಕಡೆ. ಹನ್ನೊಂದು ಹೆಜ್ಜೆ, ಹೊಸ್ತಿಲ ತನಕ. ಅಲ್ಲಿ ನಿಂತು ಏನೋ ಅಂದರು. ನಾಲ್ಕರಲ್ಲಿ ಯಾವ ಭಾಷೆಯದೂ ಅಲ್ಲ. ಸಾವಕಾರರು ಕೈಮುಗಿದು, "ಹೂನ್ರಿ, ಬರತೀನಿ," ಎಂದರು.

ಮಾತು ಇನ್ನೂ ಬಂದಿಲ್ಲ. ಬರಬಹುದು, ಬರದಿರಬಹುದು. ಅವರು ಮಂದಿಯಲ್ಲಿ ಕೂತರು. ಅಷ್ಟಕ್ಕೆ ಕೈಮುಗಿಯುತ್ತೇನೆ.

ಅಂದು ಸಂಜೆ ಆರು ಗಂಟೆಗೆ ಆರೂ ರೆಕಾರ್ಡುಗಳನ್ನು ಮೆತ್ತನೆಯ ಅರಿವೆಯಿಂದ ಒರೆಸಿದೆ. ಅಂಕಿಯ ಪ್ರಕಾರ ಹೊಂದಿಸಲಿಲ್ಲ. ಅವರು ಒಂದೊಂದಾಗಿ ಬೆರಳಿಟ್ಟು ತೋರಿಸಿದ ಕ್ರಮದಲ್ಲೇ ಚೀಲಗಳಿಗೆ ಸೇರಿಸಿ, ಆಲ್ಬಮ್ ಮುಚ್ಚಿದೆ.