ಮಾವನ ಬೆಳ್ಳುಳ್ಳಿ ಎಣ್ಣೆ

ನಮ್ಮ ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಕರಿದದ್ದು ಬಿಟ್ಟು ಹಸಿ ತರಕಾರಿ ತಿನ್ನಿ ಎಂದು ಡಾಕ್ಟರು ಹೇಳಿದಾಗ, "ಈ ವಯಸ್ಸಲ್ಲಿ ಮೇಯೋಕೆ ಕಳಿಸ್ತಿದ್ದಾನೆ" ಎಂದು ಮುಖ ಗಂಟಿಕ್ಕಿದ್ದರು. ಆಮೇಲೆ ಅವರ ಬಸ್ಸಿಗೆ ಬರುತ್ತಿದ್ದ ಹೋಟೆಲಿನ ಅಡುಗೆಯವರೊಬ್ಬರು ಹಸಿ ತರಕಾರಿ ಮೇಲೆ ಸುರಿದು ತಿನ್ನುವ ಇಟಾಲಿಯನ್ ಡ್ರೆಸಿಂಗ್ ಮಾಡುವುದನ್ನು ಹೇಳಿಕೊಟ್ಟರು. ಅಂದಿನಿಂದ ಅಡುಗೆಮನೆಯ ಒಂದು ಮೂಲೆ ಮಾವನದು. ಒಂದು ಪಾಲು ವಿನೆಗರ್, ಮೂರು ಪಾಲು ಆಲಿವ್ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ, ಚಿಟಿಕೆ ಸಕ್ಕರೆ, ಒಣಗಿದ ಒರೆಗಾನೊ ಸೊಪ್ಪು. ಬಾಟಲಿಯ ಮುಚ್ಚಳ ಬಿಗಿದು ಕುಲುಕಿದರೆ ಅವರ ಇಡೀ ಮೈ ಅಲ್ಲಾಡುತ್ತದೆ.

"ಇನ್ನೂ ಬಸ್ಸಲ್ಲೇ ಇದೀರಾ?" ಎಂದು ಅತ್ತೆ ಕಾಲೆಳೆಯುತ್ತಾರೆ.

ನನ್ನ ಮಗಳು ಚಿಕ್ಕವಳು. ನಾನು ಕೊಟ್ಟ ಸೌತೆಕಾಯಿಯನ್ನು ಉಗುಳುವವಳು ತಾತನ ತಟ್ಟೆಯಿಂದ ಕದ್ದು ತಿನ್ನುತ್ತಾಳೆ. ಅವಳ ಹೊಟ್ಟೆಗೆ ಹಸಿರು ಅಂತ ಹೋಗುವುದು ಅಷ್ಟೇ. ಹಾಗಾಗಿ ನಾನೂ ನೆಮ್ಮದಿಯಾಗಿಯೇ ಇದ್ದೆ, ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿಯ ಬಗ್ಗೆ ಓದುವವರೆಗೆ. ಫ್ರಿಜ್ಜಿನ ಹೊರಗಿಟ್ಟರೆ ಅದರಲ್ಲಿ ವಿಷ ಹುಟ್ಟಬಹುದಂತೆ, ವಾಸನೆಯಿಂದಲೂ ಗೊತ್ತಾಗುವುದಿಲ್ಲವಂತೆ. ಮಾವ "ಸಾರ ಇಳೀಲಿ" ಎಂದು ಬೆಳ್ಳುಳ್ಳಿ ಎಸಳು ಹಾಕಿದ ಎಣ್ಣೆಯನ್ನು ವಾರಗಟ್ಟಲೆ ಕಿಟಕಿಯಲ್ಲಿಡುತ್ತಿದ್ದರು. ಡ್ರೆಸಿಂಗಿಗೆ ಅದೇ ಎಣ್ಣೆ.

ಹೇಳಿದರೆ ಮಾವನಿಗೆ ಬೇಜಾರು, ಹೇಳದೆ ಮಗುವಿಗೆ ಏನಾದರೂ ಆಗಿಬಿಟ್ಟರೆ? ಅತ್ತ ದರಿ, ಇತ್ತ ಪುಲಿ. ಅಡುಗೆಮನೆಗೆ ಹೋಗುವುದು, ಸುಮ್ಮನೆ ನೀರು ಕುಡಿದು ಬರುವುದು, ಇದೇ ಆಯಿತು. ಕೊನೆಗೆ ಊಟದ ಹೊತ್ತಿಗೆ ಮಗಳು ತಾತನ ತಟ್ಟೆಗೆ ಕೈ ಹಾಕಿದಾಗ ಹಿಡಿದು ಎಳೆದುಬಿಟ್ಟೆ. ಅವಳು ಹೋ ಎಂದು ಅತ್ತಳು.

"ಯಾಕಮ್ಮ, ಏನಾಯ್ತು?" ಅಂದರು ಮಾವ.

ತೊದಲುತ್ತಾ ಎಲ್ಲ ಹೇಳಿದೆ.

"ಇಷ್ಟು ದಿನ ತಿಂದಿದೀನಲ್ಲ. ಗುಂಡುಕಲ್ಲಿನ ಹಾಗಿದೀನಿ."

"ಅವಳು ಚಿಕ್ಕವಳು ಮಾವ. ನಿಮಗೂ ಬೇಡ."

ಅತ್ತೆ ನಡುವೆ ಬಾಯಿ ಹಾಕಿದರು. "ಬ್ರೇಕ್ ಮೇಲೆ ಅನುಮಾನ ಬಂದ್ರೆ ಗಾಡಿ ತೆಗೀತಿದ್ರಾ ನೀವು?"

ಮಾವ ಎದ್ದು ತಟ್ಟೆಯಲ್ಲಿದ್ದದ್ದು, ಬಾಟಲಿಯಲ್ಲಿದ್ದದ್ದು, ಕಿಟಕಿಯಲ್ಲಿದ್ದ ಎಣ್ಣೆ, ಎಲ್ಲವನ್ನೂ ಕಸಕ್ಕೆ ಹಾಕಿದರು. "ಸಾರ ಚೆನ್ನಾಗಿ ಇಳಿದಿತ್ತು" ಎಂದಷ್ಟೇ ಗೊಣಗಿದರು.

ಆಮೇಲೆ ಕುಟ್ಟಾಣಿ ತಂದು ನನ್ನ ಮುಂದಿಟ್ಟರು. "ಒಂದೆಸಳು ಜಜ್ಜಮ್ಮ. ಇನ್ಮೇಲೆ ಆಯಾ ಊಟಕ್ಕೆ ಬೇಕಾದಷ್ಟೇ ಮಾಡೋಣ, ನಿನ್ನ ಕಣ್ಣೆದುರಿಗೇ."

ಹೊಸ ಸೌತೆಕಾಯಿ ಹೆಚ್ಚಿ, ಆಗಷ್ಟೇ ಕಲಸಿದ್ದನ್ನು ಮೇಲೆ ಸುರಿದರು. ಮಗಳು ಒಂದು ಹೋಳು ಎತ್ತಿಕೊಂಡು ನನ್ನ ಮುಖ ನೋಡಿದಳು.

"ತಿನ್ನು ಪುಟ್ಟಿ" ಅಂದೆ.

"ಘಾಟು ಜಾಸ್ತಿ ಆಯ್ತು" ಎನ್ನುತ್ತಾ ಮಾವ ತಮ್ಮ ತಟ್ಟೆಗೆ ಇನ್ನೆರಡು ಚಮಚ ಹಾಕಿಕೊಂಡರು.