ಗೋಳಿಮರದ ಬುಡದಲ್ಲಿಟ್ಟ ಕತ್ತಿಗಳು

ನಮ್ಮೂರಿನ ಗಂಡಸರು ಸೊಂಟದಲ್ಲಿ ಕತ್ತಿ ಇಲ್ಲದೆ ಅಂಗಳ ದಾಟುವುದಿಲ್ಲ. ಹೀಗೆ ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ, ಏಕೆಂದರೆ ಇದೇ ಮಾತನ್ನು ಬೇರೆಯವರು ಬೇರೆ ಧಾಟಿಯಲ್ಲಿ ಬರೆದು ನನ್ನ ಕಾಕನನ್ನು ಜೈಲಿಗೆ ಕಳಿಸಿದರು. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಸೊಂಟದ ಹಿಂದೆ ಒಂದು ಮರದ ಕೊಕ್ಕೆ, ಅದರಲ್ಲಿ ತೂಗುವ ಒಂದು ಬಾಗಿದ ಕತ್ತಿ. ಹುಲ್ಲು ಕೊಯ್ಯಲಿಕ್ಕೆ, ಬೇಲಿಯ ಮುಳ್ಳು ಸವರಲಿಕ್ಕೆ, ಮನೆಗೆ ಬಂದವರಿಗೆ ಎಳನೀರು ಕೆತ್ತಿ ಕೊಡಲಿಕ್ಕೆ. ಪೇಟೆಯವರ ಕಿಸೆಯಲ್ಲಿ ಪೆನ್ನು ಇರುವ ಹಾಗೆ, ಅಷ್ಟೆ.

ಆ ಕತ್ತಿ ಸೊಂಟ ಬಿಡುವುದು ಊರ ಕೂಟದಲ್ಲಿ. ಗದ್ದೆಯ ತಲೆಯ ಮೇಲಿರುವ ಗೋಳಿಮರದ ಕೆಳಗೆ ನಾಲ್ಕು ಜನ ಕೂತು ಮಾತಾಡುವುದಿದ್ದರೆ, ಬಂದವರು ಮೊದಲು ಕೊಕ್ಕೆಯಿಂದ ಕತ್ತಿ ತೆಗೆದು ಮರದ ಬುಡದಲ್ಲಿ ಇಡುತ್ತಾರೆ. ನ್ಯಾಯ ಮಾತಾಡುವಾಗ ಮೈಮೇಲೆ ಕಬ್ಬಿಣ ಇರಬಾರದೆಂಬುದು ನಮ್ಮ ಅಜ್ಜಂದಿರ ಕಾಲದ ರೂಢಿ. ಜಗಳ ಎಷ್ಟೇ ಜೋರಾದರೂ ಆ ರಾಶಿಯ ಕಡೆ ಯಾರೂ ಕೈ ಚಾಚಿದ್ದು ನಾನು ಕಂಡಿಲ್ಲ. ಕೂಟ ಮುಗಿದ ಮೇಲೆ ಅವರವರು ಅವರವರ ಕತ್ತಿ ತೆಗೆದುಕೊಂಡು ಹೋಗುತ್ತಾರೆ. ಎಷ್ಟೇ ಕತ್ತಿ ಇದ್ದರೂ ಅದಲುಬದಲು ಆಗುವುದಿಲ್ಲ.

ಕಾಕ ಅಂದರೆ ನನ್ನ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿ ವಕೀಲೆ ಮಾಡಿದವರು ಅವರೇ. ಅವರ ಕತ್ತಿಯ ಹಿಡಿ ಹಲಸಿನದು. ಕಾರವಾರದ ಹತ್ತಿರ ಚೆಂಡಿಯಾದಲ್ಲಿ ನಮ್ಮ ಮನೆ, ಗದ್ದೆ ಎಲ್ಲವೂ ನೌಕಾನೆಲೆಗೆ ಹೋದಾಗ, ಲಾರಿ ಹತ್ತುವ ಮೊದಲು ಅಜ್ಜ ಹಿತ್ತಿಲ ಹಲಸಿನ ಒಂದು ಕೊಂಬೆ ಕಡಿದುಕೊಂಡು ಬಂದಿದ್ದರಂತೆ. ಅದರಿಂದಲೇ ಈ ಹಿಡಿ ಮಾಡಿಸಿದ್ದು. ಆ ಮನೆಯದೆಂದು ನಮ್ಮಲ್ಲಿ ಉಳಿದದ್ದು ಈ ಗೇಣುದ್ದದ ಕಟ್ಟಿಗೆ ಒಂದೇ.

ಅಂಕೋಲೆಯ ಈಚೆ ಹೊಸ ಊರು, ಹೊಸ ಗದ್ದೆ ಅಂತ ಕಾಕ ಮತ್ತೆ ಬೇರು ಬಿಟ್ಟರು. ದೇಶಕ್ಕಾಗಿ ಕೊಟ್ಟಿದ್ದೀರಿ, ಇನ್ನು ನಿಮ್ಮನ್ನು ಯಾರೂ ಏಳಿಸುವುದಿಲ್ಲ ಎಂದು ಆಗ ಭಾಷಣ ಮಾಡಿದವರಿದ್ದರು. ಈಗ ಬಂದರಿಗೊಂದು ಅಗಲ ರಸ್ತೆ ಬೇಕಂತೆ. ಅದು ಸರಿಯಾಗಿ ಕಾಕನ ಗದ್ದೆಯ ನಡುವೆಯೇ ಹೋಗಬೇಕಂತೆ. ನಕ್ಷೆ ಬರೆಯುವವರ ಕೈಗೆ ನಮ್ಮ ಮನೆ ಮಾತ್ರ ಹೇಗೆ ಇಷ್ಟು ಸಲೀಸಾಗಿ ಸಿಗುತ್ತದೋ ದೇವರೇ ಬಲ್ಲ.

ಭತ್ತ ಕೊಯ್ಲಿಗೆ ಬಂದಿತ್ತು. ಅಳತೆಯವರು ಬೆಳೆದು ನಿಂತ ಪೈರಿನಲ್ಲಿ ಕಲ್ಲು ನೆಡಲು ಜೀಪು ತಂದ ಸುದ್ದಿ ಹಬ್ಬಿದಾಗ ಜನ ಹೆಂಗಸರು ಗಂಡಸರೆನ್ನದೆ ಕೊಯ್ಲು ಬಿಟ್ಟು ಹಾಗೆಯೇ ಬಂದರು. ಗಂಡಸರೆಲ್ಲರ ಸೊಂಟದಲ್ಲೂ ಕತ್ತಿ ಇತ್ತು. ದಾರಿಗೆ ಅಡ್ಡ ಕೂರುವ ಮೊದಲು ಅವರು ಮಾಡಿದ ಕೆಲಸ ಅದೇ, ಕತ್ತಿ ತೆಗೆದು ಗೋಳಿಮರದ ಬುಡದಲ್ಲಿಟ್ಟರು. ಯಾರೂ ಹೇಳಿದ್ದಲ್ಲ. ನ್ಯಾಯ ಕೇಳಲು ಕೂರುತ್ತಿದ್ದೇವೆ ಎಂದು ಅವರು ತಿಳಿದಿದ್ದರು. ಹೊರಗಿನಿಂದ ಬಂದ ಪೊಲೀಸರು ನಿಷೇಧಾಜ್ಞೆ ಓದಿದರು, ಕೂತವರನ್ನು ಕೈಕಾಲು ಹಿಡಿದು ಎತ್ತಿ ವ್ಯಾನಿಗೆ ಹಾಕಿದರು. ಯಾರೂ ಕೈ ಎತ್ತಲಿಲ್ಲ. ಮರದ ಬುಡದ ಕತ್ತಿಗಳನ್ನು ಪೊಲೀಸರು ಗೋಣಿಚೀಲಕ್ಕೆ ತುಂಬಿಕೊಂಡರು.

ನಾನು ಆಗ ಕಾರವಾರದ ಕೋರ್ಟಿನಲ್ಲಿದ್ದೆ. ಒಂದು ಪಾಲಿನ ದಾವೆ, ಅಣ್ಣತಮ್ಮಂದಿರು ಒಂದು ಬಾವಿಗಾಗಿ ಕಚ್ಚಾಡುತ್ತಿದ್ದರು. ನನ್ನ ವೃತ್ತಿಯೆಲ್ಲ ಇಂಥದ್ದೇ. ನೆರೆಮನೆಯವಳ ಫೋನು ಬಂತು. ಸ್ಕೂಟರ್ ಹತ್ತಿ ಹೊರಟೆ. ಚೆಂಡಿಯಾ ದಾಟುವಾಗ ನೌಕಾನೆಲೆಯ ಉದ್ದನೆಯ ಗೋಡೆ ಪಕ್ಕಕ್ಕೆ ಓಡುತ್ತದೆ, ನಾನು ಯಾವತ್ತೂ ಆ ಕಡೆ ತಿರುಗಿ ನೋಡುವುದಿಲ್ಲ. ಅಂದು ನೋಡಿದೆ.

ಬಾಳೆಗುಳಿ ಕೂಡುರಸ್ತೆಯಲ್ಲಿ ಖಾಲಿ ವ್ಯಾನುಗಳು ನಿಂತಿದ್ದವು. ಜನರನ್ನು ಅಲ್ಲಿಂದ ಸ್ವಲ್ಪ ದೂರದ ಒಂದು ಕಲ್ಯಾಣ ಮಂಟಪದಲ್ಲಿ ಕೂಡಿಹಾಕಿದ್ದರು. ಹಿಂದಿನ ದಿನ ಯಾರದೋ ಮದುವೆಯಾಗಿತ್ತು. ಬಾಗಿಲಲ್ಲಿ ಬಾಡಿದ ತೋರಣ, ಒಳಗೆ ಗೋಡೆಯ ಮೇಲೆ ಥರ್ಮೋಕೋಲಿನಲ್ಲಿ ಕತ್ತರಿಸಿದ ‘ಸುಸ್ವಾಗತ’. ಅದರ ಕೆಳಗೆ ನಮ್ಮೂರಿನ ಜನ ಕೆಸರುಗಾಲಿನಲ್ಲಿ ಕೂತಿದ್ದರು.

ನನ್ನ ಕಪ್ಪು ಕೋಟು ನೋಡಿ ಪೊಲೀಸ್ ಸಾಹೇಬರು ಕುರ್ಚಿ ಹಾಕಿಸಿದರು. ಬಲು ಸಭ್ಯರು. ಯಾವ ಕಾರಣಕ್ಕೆ ಬಂಧಿಸಿದ್ದೀರಿ ಎಂದು ಕೇಳಿದೆ.

“ಬಂಧನ ಅಲ್ಲ ಮೇಡಂ, ಮುಂಜಾಗ್ರತೆ ಕ್ರಮ.”

“ಬಂಧನ ಅಲ್ಲದಿದ್ದರೆ ಅವರು ಎದ್ದು ಮನೆಗೆ ಹೋಗಬಹುದಲ್ಲ?”

“ಅದು ಹೇಗೆ ಸಾಧ್ಯ?”

ಹೀಗೆ ಸುಮಾರು ಹೊತ್ತು ನಡೆಯಿತು. ಹೊರಹೋಗಲು ಬಿಡದಿದ್ದರೆ ಅದು ಬಂಧನವೇ, ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ನಾಳೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ ಎಂದೆಲ್ಲ ಹೇಳಿದೆ. ಕಾಲೇಜಿನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ ಸಂಗತಿಗಳನ್ನು ಆ ಮದುವೆ ಮನೆಯಲ್ಲಿ ಮೊದಲ ಸಲ ಜೋರಾಗಿ ಹೇಳಿದ್ದು. ಸಾಹೇಬರು ಎಲ್ಲಕ್ಕೂ ತಲೆಯಾಡಿಸಿದರು. ಬಿಸಿಲು ಇಳಿಯುತ್ತಿದ್ದಂತೆ, “ಆಯ್ತು ಮೇಡಂ, ನಿಮ್ಮ ಮಾತಿಗೆ ಬೆಲೆ ಕೊಟ್ಟು ಹೆಂಗಸರನ್ನು ಬಿಡುತ್ತೇವೆ. ಗಂಡಸರನ್ನೂ ಹಿಂದೆಯೇ ಕಳಿಸೋಣ” ಎಂದರು.

ನಾನು ಹೆಂಗಸರನ್ನು ಕರೆದುಕೊಂಡು ಗೇಟಿಗೆ ಬಂದೆ, ಟೆಂಪೋದವನ ಜೊತೆ ಬಾಡಿಗೆ ಮಾತಾಡಿದೆ. ಕಾಕಿ ಮಾತ್ರ ಹತ್ತಲಿಲ್ಲ.

“ನಿನ್ನ ಕಾಕನ ಕತ್ತಿ ಒಳಗೇ ಅದೆ ತಂಗೀ. ಅದ್ ಇಲ್ದೇ ಅವ್ರು ಬರುದಿಲ್ಲ.”

“ಕತ್ತಿ ನಾಳೆ ಬಿಡಿಸ್ವಾ ಕಾಕೀ, ಮೊದ್ಲು ಜನ ಹೊರಗೆ ಬರ್ಲಿ” ಎಂದು ಅವಳನ್ನು ಹತ್ತಿಸಿದೆ.

ನಾನು ಗೇಟಿನಲ್ಲಿ ಗೆಲ್ಲುತ್ತಿದ್ದಾಗ ಒಳಗೆ ಏನು ನಡೆಯಿತೆಂಬುದು ಆಮೇಲೆ ತಿಳಿಯಿತು. ಸಾಹೇಬರು ಗೋಣಿಚೀಲ ತರಿಸಿ ಕತ್ತಿಗಳನ್ನು ನೆಲದ ಮೇಲೆ ಸುರಿಸಿದರು. “ಎಲ್ಲ ಮನೆಗೆ ಹೊರಡಿ, ನಿಮ್ಮ ನಿಮ್ಮ ಕತ್ತಿ ಗುರುತು ಹಿಡಿದು ತೆಗೆದುಕೊಳ್ಳಿ” ಎಂದರು. ಬೇರೆ ಊರಿನವರಾದರೆ ಅನುಮಾನಿಸುತ್ತಿದ್ದರೇನೋ. ಕಾರವಾರ ಬಂದರಿನ ಬೈತಖೋಲ ಧಕ್ಕೆಯಲ್ಲಿ ಲೋಡಿಂಗ್ ಮಾಡುವ ಯಾರನ್ನಾದರೂ ಕೇಳಿ, ಅವನು ಪೊಲೀಸರು ವಾಪಸ್ಸು ಕೊಡುವ ವಸ್ತುವನ್ನು ತನ್ನದೆಂದು ಒಪ್ಪುವುದೇ ಇಲ್ಲ. ನಮ್ಮವರು ಕೂಟ ಮುಗಿಯಿತು ಎಂದುಕೊಂಡರು. ಎದ್ದರು, ಒಬ್ಬೊಬ್ಬರಾಗಿ ಬಂದು ತಂತಮ್ಮ ಕತ್ತಿ ಎತ್ತಿಕೊಂಡರು. ಎತ್ತಿಕೊಂಡವರ ಫೋಟೋ ಪೊಲೀಸರು ತೆಗೆದರು. ಫೋಟೋ ತೆಗೆದ ಮೇಲೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಬ್ಬೆಟ್ಟು ಒತ್ತಿದ ಮೇಲೆ ಕತ್ತಿ ಮತ್ತೆ ಕಸಿದುಕೊಂಡರು.

ಗಂಡಸರನ್ನು ಆ ರಾತ್ರಿ ಬಿಡಲೇ ಇಲ್ಲ. ಮಾರನೆ ದಿನ ಎಫ್‌ಐಆರ್ ಬಂತು. ಅಕ್ರಮ ಕೂಟ, ಮಾರಕಾಸ್ತ್ರ, ಕರ್ತವ್ಯಕ್ಕೆ ಅಡ್ಡಿ. ಕಾಕ ಮುಂದಾಳು. ಜೊತೆಗೆ ಆಯುಧ ಹಿಡಿದ ಆರೋಪಿಗಳ ಭಾವಚಿತ್ರ, ಅವು ತಮ್ಮವೇ ಎಂದು ಅವರೇ ಗುರುತಿಸಿದ ಪಂಚನಾಮೆ. ಅಷ್ಟರೊಳಗೆ ಕಾಕನ ಫೋಟೋ ಎಲ್ಲರ ಮೊಬೈಲಿಗೂ ಹೋಗಿತ್ತು, ಮುಖ ಮತ್ತು ಕತ್ತಿ ಮಾತ್ರ ಉಳಿಯುವಂತೆ ಕತ್ತರಿಸಿದ್ದು. ಕೋರ್ಟಿನ ಕ್ಯಾಂಟೀನಿನಲ್ಲಿ ನನ್ನ ಜೊತೆಯ ವಕೀಲರೊಬ್ಬರು ಚಹಾ ಹೀರುತ್ತ, “ಶಾಂತಿಯುತ ಅಂತೀರಿ, ಮುದುಕ ಕತ್ತಿ ಹಿಡಿದು ನಗ್ತಾ ಇದ್ದಾನಲ್ಲ!” ಎಂದರು. ಆ ಚಹಾ ಅವರ ಮುಖಕ್ಕೆ ಎರಚಬೇಕಿತ್ತು ಎಂದು ಇಂದಿಗೂ ಅನ್ನಿಸುತ್ತದೆ. ಎರಚಲಿಲ್ಲ, ಎದ್ದು ಬಂದೆ.

ಕಾರವಾರದ ಜೈಲಿನಲ್ಲಿ ಕಾಕನನ್ನು ಕಂಡೆ. ಅವರಿಗೆ ಸೊಂಟದ ಹಿಂದೆ ಕೈ ಒಯ್ಯುವ ಅಭ್ಯಾಸ. ಮಾತಿನ ನಡುವೆ ಕೈ ಹಿಂದೆ ಹೋಗುತ್ತಿತ್ತು, ಕೊಕ್ಕೆಯೂ ಇಲ್ಲದ ಜಾಗ ಮುಟ್ಟಿ ಮುಂದೆ ಬರುತ್ತಿತ್ತು.

“ಗದ್ದೆ ಕೊಯ್ದ್ರಾ?”

“ಹೆಂಗಸ್ರು ಕೊಯ್ತಾ ಇದ್ರು ಕಾಕಾ.”

“ಫೋಟೋದಾಗೆ ನಾ ನಗಾಡ್ತಾ ಇದ್ನಂತೆ, ಹೌದಾ?”

ಹೌದೆಂದೆ.

“ನನ್ ಕತ್ತಿ ಸಿಕ್ತು ಅಂತ ನಗಾಡ್ದೆ ತಂಗೀ. ಕಳ್ದೇ ಹೋಯ್ತು ಅಂತ ಮಾಡಿದ್ದೆ. ಅದ್ರ ಹಿಡಿ ನಿಂಗೆ ಗೊತ್ತದೆ ಅಲ್ಲಾ?”

ಹೊರಗೆ ಬಂದು ಸ್ಕೂಟರಿನ ಪಕ್ಕದಲ್ಲಿ ನಿಂತು ಅತ್ತೆ. ಒಬ್ಬ ಮನುಷ್ಯನ ಪ್ರಾಮಾಣಿಕತನವನ್ನೇ ಅವನ ವಿರುದ್ಧ ಸಾಕ್ಷಿ ಮಾಡುವುದು ಎಂಥ ಜಾಣತನ! ನನ್ನದಲ್ಲದ್ದನ್ನು ಮುಟ್ಟುವುದಿಲ್ಲ, ನನ್ನದನ್ನು ನನ್ನದಲ್ಲ ಎನ್ನುವುದಿಲ್ಲ ಎಂದು ಬದುಕಿದವನಿಗೆ ಸಿಕ್ಕ ಬಹುಮಾನ ಇದು.

ಜಾಮೀನು ಸಿಕ್ಕಿದ್ದು ಒಂದು ತೋರಣದಿಂದ. ಪೊಲೀಸರೊಬ್ಬರು ಹೆಮ್ಮೆಗೆಂದು ತಮ್ಮ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದ್ದ ಪೂರ್ತಿ ಫೋಟೋ ಕೈಯಿಂದ ಕೈಗೆ ದಾಟಿ ನನಗೆ ಸಿಕ್ಕಿತು. ಅದರಲ್ಲಿ ಕಾಕನ ಹಿಂದೆ ಬಾಡಿದ ತೋರಣ, ತಲೆಯ ಮೇಲೆ ‘ಸುಸ್ವಾಗತ’ ಎಲ್ಲವೂ ಇತ್ತು. ಗದ್ದೆಯ ದಾರಿಯಲ್ಲಿ ಕತ್ತಿ ಝಳಪಿಸಿದನೆಂಬ ಆರೋಪಿ ಕಲ್ಯಾಣ ಮಂಟಪದಲ್ಲಿ ಏಕೆ ನಿಂತಿದ್ದಾನೆ, ಪೊಲೀಸರ ವಶದಲ್ಲಿದ್ದ ಕತ್ತಿ ಅವನ ಕೈಗೆ ಕೊಟ್ಟವರು ಯಾರು ಎಂದು ಕೇಳಿದೆ. ಪ್ರಾಸಿಕ್ಯೂಟರ್ ಕಡತ ತಿರುವಿದರು, ಸಮಯ ಕೇಳಿದರು. ನ್ಯಾಯಾಧೀಶರು ಫೋಟೋ ಕಣ್ಣಿನ ಹತ್ತಿರ ಹಿಡಿದು ನೋಡಿದರು, ಸಮಯ ಕೊಡಲಿಲ್ಲ. ಇನ್ನು ಮುಂದೆ ಯಾವ ಸಭೆಗೂ ಆರೋಪಿಗಳು ಹೋಗಬಾರದೆಂಬ ಷರತ್ತನ್ನಾದರೂ ಹಾಕಿ ಎಂದು ಪ್ರಾಸಿಕ್ಯೂಟರ್ ಕೇಳಿಕೊಂಡರು. ಊರಿನ ತೊಂದರೆ ಊರಿನವರು ಕೂತು ಮಾತಾಡುವುದು ಅಪರಾಧವಲ್ಲ, ಅದು ಅವರ ಹಕ್ಕು ಎಂದು ಎದ್ದು ನಿಂತೆ. ಆ ಷರತ್ತೂ ಬರಲಿಲ್ಲ. ಕೂರುವ ಹಕ್ಕನ್ನು ಉಳಿಸಿದೆ ಎಂದು ಅಂದು ನನಗೆ ಭಾರಿ ಹೆಮ್ಮೆ.

ಆದರೆ ಖಟ್ಲೆ ಇನ್ನೂ ನಡೆಯುತ್ತಿದೆ. ಕತ್ತಿಗಳು ಮುದ್ದೆಮಾಲು, ಅಂದರೆ ಖಟ್ಲೆ ಮುಗಿಯುವವರೆಗೆ ಚೀಟಿ ಕಟ್ಟಿಸಿಕೊಂಡು ಬೀಗದೊಳಗೆ ಕೊಳೆಯಬೇಕು. ಬಿಡಿಸಿಕೊಡಿ ಎಂದು ಹಾಕಿದ ಅರ್ಜಿ ತಿರಸ್ಕಾರವಾಯಿತು. ಸಾಕ್ಷ್ಯವಂತೆ. ಚೆಂಡಿಯಾದ ಮನೆ ಗೋಡೆಯ ಒಳಗೆ ಹೋಯಿತು, ಅದರಿಂದ ಉಳಿದ ಹಿಡಿ ಬೀಗದ ಒಳಗೆ ಹೋಯಿತು. ಕಾಕ ಅಂಕೋಲೆ ಪೇಟೆಯಿಂದ ಹೊಸ ಕತ್ತಿ ತಂದರು. ಕೈಗೆ ಕೂರುವುದಿಲ್ಲ ಎಂದು ಬಟ್ಟೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

ಮೊನ್ನೆ ಅಳತೆಯವರು ಮತ್ತೆ ಬರುತ್ತಾರೆಂಬ ಸುದ್ದಿಗೆ ಗೋಳಿಮರದ ಕೆಳಗೆ ಕೂಟ ಕರೆದರು. ನನ್ನನ್ನೂ ಕರೆದಿದ್ದರು. ಮೊದಲೇ ಹೋಗಿ ಕೂತೆ. ಒಬ್ಬೊಬ್ಬರೇ ಬಂದರು. ಮರದ ಹತ್ತಿರ ಬಂದಾಗ ಅವರ ಕೈ ತಾನಾಗಿ ಹಿಂದೆ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಯಾರೂ ಕತ್ತಿ ತೆಗೆಯಲಿಲ್ಲ. ಮರದ ಬುಡ ಬರಿದಾಗಿತ್ತು.

ಕಾಕನನ್ನು ಬದಿಗೆ ಕರೆದು, “ಹೀಂಗೆ ಕೂರುಕಾಗ ಕಾಕಾ. ಕೂಟಕ್ಕೆ ಬರುವಾಗ ಕತ್ತಿ ಮನೇಲೇ ಬಿಟ್ಟ್ ಬನ್ನಿ” ಎಂದೆ. ವಕೀಲೆಯಾಗಿ ಹೇಳಲೇಬೇಕಿತ್ತು.

“ಮರದ ಬುಡಕ್ಕೆ ಇಟ್ರೆ ಗೋಣಿಗೆ ತುಂಬ್ತ್ರು. ಮನೇಲಿ ಇಟ್ರೆ ಮನೆ ಹೊಕ್ತ್ರು. ಸೊಂಟದಾಗೇ ಇರ್ಲಿ ಬಿಡು” ಎಂದರು. ಮಾತಿನಲ್ಲಿ ಸಿಟ್ಟು ಕೂಡ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಎಫ್‌ಐಆರ್ ಬರೆದವರು ಅಂದು ಬರೆದದ್ದು ಶುದ್ಧ ಸುಳ್ಳು. ಈಗ ಬಂದು ನೋಡಿದರೆ ಅದು ನಿಜ. ನಮ್ಮೂರ ಜನ ಸೊಂಟದಲ್ಲಿ ಕತ್ತಿ ಇಟ್ಟುಕೊಂಡೇ ಕೂಟದಲ್ಲಿ ಕೂತಿದ್ದಾರೆ. ನಾನು ಕೋರ್ಟಿನಲ್ಲಿ ಕಾದಾಡಿ ಉಳಿಸಿದ ಹಕ್ಕು ಇದೇ.

ಕೂಟ ಶುರುವಾಯಿತು. ಮೊದಲಿನ ಹಾಗೆ ಒಬ್ಬರ ಭುಜಕ್ಕೆ ಒಬ್ಬರು ಒತ್ತಿಕೊಂಡು ಕೂರಲು ಆಗಲಿಲ್ಲ. ಹಿಂದೆ ತೂಗುವ ಕತ್ತಿ ಪಕ್ಕದವರಿಗೆ ತಾಗುತ್ತದೆಂದು ಎಲ್ಲರೂ ನಡುವೆ ಜಾಗ ಬಿಟ್ಟು ಕೂತರು. ಕಾಕನ ಪಕ್ಕದಲ್ಲಿ ಕೂತಿದ್ದ ನಾನೂ ಸ್ವಲ್ಪ ಸರಿದೆ.